ಹಕ್ಕಿಯ ಗಂಟಲಿಗೆ ಕಾಳು ತುರುಕುವುದು: ಕಾನೂನು ಏನು ಹೇಳುತ್ತದೆ, ನಮ್ಮ ಮನೆಗೆ ಏನು ಸಂಬಂಧ



ನಮ್ಮ ಬಾಳೂರು ಕಡೆ ಮಳೆಗಾಲ ಮುಗಿದರೂ ಥಂಡಿ ಬಿಡುವುದಿಲ್ಲ. ಕಾಫಿ ಕುಯ್ಲಿನ ದಿನಗಳಲ್ಲಿ ಬೆಳಗಿನ ಹೊತ್ತು ಕಣದಲ್ಲಿ ನಿಲ್ಲಬೇಕಾದರೆ ಮೈಮೇಲೆ ಬೆಚ್ಚಗಿನದೊಂದು ಬೇಕೇ ಬೇಕು. ಹೊರದೇಶದಲ್ಲಿ ಕೆಲಸದಲ್ಲಿರುವ ಮಗ ಒಂದು ಜಾಕೆಟ್ ತಂದುಕೊಟ್ಟಿದ್ದ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಹಾಕಿಕೊಂಡರೆ ಕಂಬಳಿಗಿಂತ ಬೆಚ್ಚಗೆ. ಎರಡು ಚಳಿಗಾಲ ಅದನ್ನೇ ಹಾಕಿದೆ. ಬಸದಿಗೆ ಹೋಗುವಾಗಲೂ ಹಾಕಿಕೊಂಡು ಹೋಗಿ ಜಗಲಿಯಲ್ಲಿ ತೆಗೆದಿಟ್ಟು ಒಳಗೆ ಹೋಗುತ್ತಿದ್ದೆ. ಒಂದು ದಿನ ತಮ್ಮನ ಮಗಳು ಅದನ್ನು ಮಡಚಿಡುವಾಗ ಒಳಗಿನ ಚೀಟಿ ಓದಿದಳು. “ದೊಡ್ಡಪ್ಪ, ಇದರೊಳಗೆ ತುಂಬಿರುವುದು ಹತ್ತಿಯಲ್ಲ. ಬಾತುಕೋಳಿಯ ತುಪ್ಪುಳ” ಅಂದಳು.

ಆ ತುಪ್ಪುಳ ಎಲ್ಲಿಂದ ಬರುತ್ತದೆ ಎಂದು ಕೇಳಿ ತಿಳಿಯಲು ಹೊರಟವನಿಗೆ, ಹಕ್ಕಿಗಳ ಗಂಟಲಿಗೆ ಕೊಳವೆ ಇಳಿಸಿ ಬಲವಂತವಾಗಿ ಕಾಳು ತುರುಕುವ ಒಂದು ದಂಧೆಯ ವಿಷಯ ಗೊತ್ತಾಯಿತು. ಅದರ ಮೇಲೆ ಬೇರೆ ಬೇರೆ ದೇಶಗಳು ಮಾಡಿದ ಕಾನೂನು, ನಮ್ಮ ದೇಶದ ಕಾನೂನು, ಅದರಿಂದ ನಮ್ಮಂಥ ಮನೆಗಳು ತಿಳಿಯಬೇಕಾದದ್ದು ಏನು ಎಂಬುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವಕೀಲನಲ್ಲ, ಪಂಡಿತನೂ ಅಲ್ಲ. ಓದಿ ತಿಳಿದುಕೊಂಡದ್ದನ್ನು ಎಲ್ಲರಿಗೂ ಅನುಕೂಲವಾಗಲಿ ಎಂದು ಬರೆದಿದ್ದೇನೆ.

ಇದು ಏನು

ಫ್ರೆಂಚ್ ಭಾಷೆಯಲ್ಲಿ ಇದರಿಂದ ಬರುವ ಪದಾರ್ಥಕ್ಕೆ ‘ಫ್ವಾ ಗ್ರಾ’ ಎನ್ನುತ್ತಾರೆ. ‘ಕೊಬ್ಬಿದ ಲಿವರ್’ ಎಂದೇ ಅದರ ಅರ್ಥ. ಬಾತುಕೋಳಿ ಅಥವಾ ಹೆಬ್ಬಾತುಗಳನ್ನು ಮೊದಲು ಕೆಲವು ವಾರ ಸಾಮಾನ್ಯವಾಗಿ ಬೆಳೆಸುತ್ತಾರೆ. ಕೊನೆಯ ಸುಮಾರು ಎರಡು ವಾರ ಅವುಗಳ ಕುತ್ತಿಗೆ ಹಿಡಿದು, ಬಾಯಿಂದ ಅನ್ನನಾಳದವರೆಗೆ ಕೊಳವೆ ಇಳಿಸಿ, ಬೇಯಿಸಿದ ಮೆಕ್ಕೆಜೋಳವನ್ನು ದಿನಕ್ಕೆ ಎರಡು ಸಲ, ಹೆಬ್ಬಾತಾದರೆ ಇನ್ನೂ ಹೆಚ್ಚು ಸಲ, ಒಳಕ್ಕೆ ತಳ್ಳುತ್ತಾರೆ. ಈಗ ಈ ಕೆಲಸಕ್ಕೆ ಪಂಪು ಬಂದಿದೆ. ಒಂದು ಹಕ್ಕಿಗೆ ಕೆಲವೇ ಸೆಕೆಂಡು ಸಾಕು. ಹಕ್ಕಿಗೆ ಹಸಿವಿದೆಯೋ ಇಲ್ಲವೋ ಕೇಳುವವರಿಲ್ಲ.

ಹೀಗೆ ಮಾಡಿದಾಗ ಲಿವರ್ ರೋಗ ಹಿಡಿದಂತೆ ಕೊಬ್ಬಿ, ಸಹಜ ಗಾತ್ರದ ಆರು, ಎಂಟು, ಹತ್ತು ಪಟ್ಟು ಬೆಳೆಯುತ್ತದೆ. ಯುರೋಪಿನ ಮಾರುಕಟ್ಟೆ ನಿಯಮವೇ ಈ ಲೆಕ್ಕವನ್ನು ತೋರಿಸುತ್ತದೆ. ಬಾತುಕೋಳಿಯ ಲಿವರ್ ಕನಿಷ್ಠ 300 ಗ್ರಾಂ, ಹೆಬ್ಬಾತಿನದು ಕನಿಷ್ಠ 400 ಗ್ರಾಂ ತೂಗಿದರೆ ಮಾತ್ರ ಅಲ್ಲಿ ಅದನ್ನು ಫ್ವಾ ಗ್ರಾ ಎಂದು ಮಾರಬಹುದು. ಸಹಜವಾಗಿ ಬೆಳೆದ ಬಾತುಕೋಳಿಯ ಲಿವರ್ ನೂರು ಗ್ರಾಂ ಸಹ ಇರುವುದಿಲ್ಲ. ಅಂದರೆ ಹಕ್ಕಿ ಆರೋಗ್ಯವಾಗಿದ್ದರೆ ಮಾಲು ತೂಕಕ್ಕೆ ಬರುವುದಿಲ್ಲ.

ಸಾಕುವವರು ಒಂದು ಸಮಾಧಾನ ಹೇಳುತ್ತಾರೆ: ವಲಸೆ ಹೋಗುವ ಹಕ್ಕಿಗಳು ದೂರದ ಪ್ರಯಾಣಕ್ಕೆ ಮುಂಚೆ ತಾವೇ ಹೆಚ್ಚು ತಿಂದು ಲಿವರ್‌ನಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತವೆ, ನಾವು ಅದನ್ನೇ ಮುಂದುವರಿಸುತ್ತೇವೆ ಎಂದು. ಹಕ್ಕಿ ತಾನಾಗಿ ತಿನ್ನುವುದು ನಿಜ. ಆದರೆ ತಾನಾಗಿ ತಿನ್ನುವ ಹಕ್ಕಿಗೆ ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ಇರುತ್ತದೆ, ಹಾರಿ ಆ ಕೊಬ್ಬನ್ನು ಕರಗಿಸುವ ಆಕಾಶವೂ ಇರುತ್ತದೆ. ಕೊಳವೆಯ ಹಕ್ಕಿಗೆ ಎರಡೂ ಇಲ್ಲ. ಯುರೋಪ್ ಒಕ್ಕೂಟ ನೇಮಿಸಿದ ವಿಜ್ಞಾನಿಗಳ ಸಮಿತಿ 1998ರ ಡಿಸೆಂಬರಿನಲ್ಲಿ ಕೊಟ್ಟ ವರದಿಯೂ, ಈಗ ನಡೆಯುತ್ತಿರುವ ರೀತಿಯ ಬಲವಂತದ ಆಹಾರ ಹಕ್ಕಿಗಳ ಕ್ಷೇಮಕ್ಕೆ ಹಾನಿಕರ ಎಂದೇ ತೀರ್ಮಾನಿಸಿತು.

ಈ ಪದ್ಧತಿ ಇಂದಿನದಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ಸಕ್ಕಾರದ ಸಮಾಧಿ ಗೋಡೆಗಳಲ್ಲಿ, ಹಕ್ಕಿಯ ಬಾಯಿಗೆ ಉಂಡೆ ತುರುಕುವ ಕೆತ್ತನೆಗಳಿವೆ. ಹಳೆಯದು ಎಂಬ ಮಾತ್ರಕ್ಕೆ ಸರಿ ಎಂದು ಆಗುವುದಿಲ್ಲ.

ಬೇರೆ ದೇಶಗಳ ಕಾನೂನು

ಈ ವಿಷಯದಲ್ಲಿ ದೇಶಗಳು ಮೂರು ರೀತಿ ನಡೆದುಕೊಂಡಿವೆ.

ಮೊದಲನೆಯದು, ಮಾಡುವುದನ್ನೇ ನಿಲ್ಲಿಸಿದವರು. ಪೋಲೆಂಡ್ ಒಂದು ಕಾಲಕ್ಕೆ ದೊಡ್ಡ ಉತ್ಪಾದಕ ದೇಶ. 1999ರಿಂದ ಅಲ್ಲಿ ನಿಷೇಧ. ಇಸ್ರೇಲ್ ಕೂಡ ದೊಡ್ಡ ಉತ್ಪಾದಕನಾಗಿತ್ತು. ಅಲ್ಲಿನ ಸುಪ್ರೀಂ ಕೋರ್ಟು 2003ರ ಆಗಸ್ಟಿನಲ್ಲಿ, ಬಲವಂತದ ಆಹಾರಕ್ಕೆ ಅನುಮತಿ ಕೊಟ್ಟಿದ್ದ ಸರ್ಕಾರಿ ನಿಯಮಗಳು ಪ್ರಾಣಿದಯೆಯ ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟು, ರೈತರಿಗೆ ಬೇರೆ ದಾರಿ ನೋಡಿಕೊಳ್ಳಲು 2005ರವರೆಗೆ ಕಾಲಾವಕಾಶ ನೀಡಿತು. ಜೀವನೋಪಾಯ ಹೋಗುತ್ತದೆ ಎಂಬ ವಾದವನ್ನು ಕೋರ್ಟು ಕೇಳಿತು, ತೂಗಿತು, ಆದರೂ ಹಕ್ಕಿಯ ಕಡೆಗೆ ನಿಂತಿತು. ವ್ಯಾಪಾರಿಯಾದ ನನಗೆ ಈ ತೀರ್ಪು ಬಹಳ ಯೋಚನೆಗೆ ಹಚ್ಚಿತು.

ಎರಡನೆಯದು, ತಾವು ಮಾಡುವುದಿಲ್ಲ ಆದರೆ ತರಿಸಿಕೊಂಡು ತಿನ್ನುವವರು. ಬ್ರಿಟನ್ ಮತ್ತು ಜರ್ಮನಿಯಲ್ಲಿ ಪ್ರಾಣಿಹಿಂಸೆಯ ಸಾಮಾನ್ಯ ಕಾನೂನಿನಡಿ ಇದನ್ನು ಉತ್ಪಾದಿಸುವಂತಿಲ್ಲ. ಆದರೆ ಬೇರೆ ದೇಶದಿಂದ ಬಂದದ್ದು ಅಂಗಡಿಯಲ್ಲಿ ಸಿಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ಒಡಕನ್ನು ಮುಚ್ಚಲು ನೋಡಿತು. 2004ರಲ್ಲಿ ಮಾಡಿದ ಅದರ ಕಾನೂನು 2012ರ ಜುಲೈ 1ರಿಂದ ಜಾರಿಗೆ ಬಂದು, ಉತ್ಪಾದನೆ ಮತ್ತು ಮಾರಾಟ ಎರಡನ್ನೂ ತಡೆಯಿತು. ಉತ್ಪಾದಕರು ಕೋರ್ಟಿಗೆ ಹೋದರು. 2015ರಲ್ಲಿ ಮಾರಾಟದ ನಿಷೇಧ ಬಿತ್ತು, 2017ರಲ್ಲಿ ಮೇಲಿನ ಕೋರ್ಟು ಮತ್ತೆ ಎತ್ತಿ ನಿಲ್ಲಿಸಿತು. ಶಿಕಾಗೋ ನಗರ 2006ರಲ್ಲಿ ನಿಷೇಧಿಸಿ 2008ರಲ್ಲಿ ತಾನೇ ಹಿಂತೆಗೆದುಕೊಂಡಿತು.

ಮೂರನೆಯದು, ಕಾನೂನಿನಿಂದಲೇ ರಕ್ಷಣೆ ಕೊಟ್ಟವರು. ಫ್ರಾನ್ಸ್ 2006ರಲ್ಲಿ ಇದನ್ನು ತನ್ನ ಸಂಸ್ಕೃತಿ ಮತ್ತು ಪಾಕಪರಂಪರೆಯ ಭಾಗ ಎಂದು ಕಾನೂನಿನಲ್ಲೇ ಬರೆದುಕೊಂಡಿದೆ. ಯುರೋಪಿನಲ್ಲಿ ಫ್ರಾನ್ಸ್, ಹಂಗೇರಿ, ಬಲ್ಗೇರಿಯ, ಸ್ಪೇನ್, ಬೆಲ್ಜಿಯಂ ದೇಶಗಳಲ್ಲಿ ಉತ್ಪಾದನೆ ನಡೆಯುತ್ತದೆ. ಬೆಲ್ಜಿಯಂನಲ್ಲೇ ಬ್ರಸೆಲ್ಸ್ ಮತ್ತು ಫ್ಲಾಂಡರ್ಸ್ ಪ್ರದೇಶಗಳು ಬೇಡ ಎಂದಿವೆ.

ಭಾರತದಲ್ಲಿ: 2014ರ ಆಮದು ನಿಷೇಧ

ನಮ್ಮ ದೇಶದಲ್ಲಿ ದೊಡ್ಡ ನಗರಗಳ ಐಷಾರಾಮಿ ಹೋಟೆಲುಗಳು ಇದನ್ನು ಹೊರಗಿನಿಂದ ತರಿಸಿ ಬಡಿಸುತ್ತಿದ್ದವು. ಪ್ರಾಣಿದಯಾ ಸಂಸ್ಥೆಗಳ ಒತ್ತಾಯದ ನಂತರ, ಕೇಂದ್ರ ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2014ರ ಜುಲೈ ಮೊದಲ ವಾರದಲ್ಲಿ ಅಧಿಸೂಚನೆ ಹೊರಡಿಸಿ, ಫ್ವಾ ಗ್ರಾ ಆಮದನ್ನು ‘ಮುಕ್ತ’ ಪಟ್ಟಿಯಿಂದ ‘ನಿಷೇಧಿತ’ ಪಟ್ಟಿಗೆ ಸೇರಿಸಿತು. ಆಮದನ್ನೇ ಹೀಗೆ ನಿಲ್ಲಿಸಿದ ಮೊದಲ ದೇಶ ಭಾರತ ಎಂದು ಆಗ ಪತ್ರಿಕೆಗಳು ಬರೆದವು. ಅದೇ ವರ್ಷದ ನವೆಂಬರಿನಲ್ಲಿ, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ ಸೌಂದರ್ಯವರ್ಧಕಗಳ ಆಮದೂ ನಿಂತಿತು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಗಮನಿಸಬೇಕು. ಆ ಅಧಿಸೂಚನೆ ನಿಲ್ಲಿಸಿದ್ದು ಆಮದನ್ನು. ದೇಶದೊಳಗೆ ಯಾರಾದರೂ ಹಕ್ಕಿಯ ಗಂಟಲಿಗೆ ಕೊಳವೆ ಇಳಿಸಿದರೆ ಅದನ್ನು ತಡೆಯುವುದು ಆ ಅಧಿಸೂಚನೆಯಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅಂದರೆ ಬ್ರಿಟನ್ ಮಾಡುವುದನ್ನು ತಡೆದು ಬಾಗಿಲು ತೆರೆದಿಟ್ಟಿತು. ನಾವು ಬಾಗಿಲು ಹಾಕಿದೆವು, ಒಳಗಿನದನ್ನು ಹಳೆಯ ಸಾಮಾನ್ಯ ಕಾಯ್ದೆಗೆ ಬಿಟ್ಟೆವು. ಆದ್ದರಿಂದ ಆ ಕಾಯ್ದೆಯಲ್ಲಿ ಏನಿದೆ ಎಂದು ತಿಳಿಯುವುದು ಮುಖ್ಯ.

1960ರ ಕಾಯ್ದೆ

ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟುಹಿಡಿದು ಎತ್ತಿದ ವಿಷಯ ಮುಂದೆ ಈ ಕಾಯ್ದೆಯಾಯಿತು. ಇದರಡಿ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಬಂತು. ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಜೀವವಿರುವ ಎಲ್ಲವೂ ‘ಪ್ರಾಣಿ’. ಕೋಳಿ, ಬಾತುಕೋಳಿ ಎಲ್ಲವೂ ಅದರಲ್ಲಿ ಬರುತ್ತವೆ.

ನಮ್ಮ ವಿಷಯಕ್ಕೆ ಬೇಕಾದವು ಇವು:

3ನೆಯ ಕಲಂ: ಪ್ರಾಣಿಯನ್ನು ಇಟ್ಟುಕೊಂಡವನು ಅದರ ಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವು ಆಗದಂತೆ ತಡೆಯಬೇಕು.

11ನೆಯ ಕಲಂ ಮೊದಲನೆಯ ಉಪಕಲಂ: ಹೊಡೆದು ಹಿಂಸಿಸಿ ಅನಗತ್ಯ ನೋವು ಕೊಡುವುದು, ಹಾನಿಕರ ಪದಾರ್ಥವನ್ನು ಬೇಕೆಂದೇ ತಿನ್ನಿಸುವುದು, ನೋವಾಗುವ ರೀತಿಯಲ್ಲಿ ಸಾಗಿಸುವುದು, ಅಲ್ಲಾಡಲು ಜಾಗವಿಲ್ಲದ ಪಂಜರದಲ್ಲಿ ಇಡುವುದು, ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು, ಇವೆಲ್ಲ ಅಪರಾಧ.

ಆಹಾರಕ್ಕಾಗಿ ಪ್ರಾಣಿಯನ್ನು ಕೊಲ್ಲುವುದಕ್ಕೆ ಈ ಕಾಯ್ದೆ ವಿನಾಯಿತಿ ಕೊಡುತ್ತದೆ. ಇದು ನಮಗೆ ಒಪ್ಪಿಗೆಯಾಗುವ ಮಾತಲ್ಲ. ಆದರೆ ಆ ವಿನಾಯಿತಿಗೂ ಒಂದು ಗೆರೆ ಇದೆ: ಅನಗತ್ಯ ನೋವು ಕೊಟ್ಟರೆ ವಿನಾಯಿತಿ ಇಲ್ಲ. ಕೊಲ್ಲುವುದು ಬೇರೆ, ಬದುಕಿರುವಷ್ಟು ದಿನ ನರಳಿಸುವುದು ಬೇರೆ ಎಂಬುದನ್ನು ಕಾನೂನು ಗುರುತಿಸಿದೆ.

2014ರ ಮೇ 7ರಂದು ಸುಪ್ರೀಂ ಕೋರ್ಟು ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ಪ್ರಕರಣದಲ್ಲಿ ಈ ಎರಡು ಕಲಂಗಳನ್ನು ಸಂವಿಧಾನದ 51ಎ ವಿಧಿಯ ಜೊತೆ ಸೇರಿಸಿ ಓದಿತು. ಎಲ್ಲ ಜೀವಿಗಳ ಮೇಲೆ ದಯೆ ತೋರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಹೇಳುವುದು ಆ ವಿಧಿ. ಹಸಿವು ಬಾಯಾರಿಕೆಯಿಂದ, ಭಯದಿಂದ, ನೋವು ರೋಗದಿಂದ ಬಿಡುಗಡೆ, ತನ್ನ ಸಹಜ ಸ್ವಭಾವದಂತೆ ನಡೆಯುವ ಅವಕಾಶ, ಇಂಥ ಐದು ಸ್ವಾತಂತ್ರ್ಯಗಳು ಪ್ರಾಣಿಗೂ ಸಲ್ಲಬೇಕು ಎಂದಿತು. ನಮ್ಮ ರಾಜ್ಯದಲ್ಲಿ ಈ ತೀರ್ಪು ಕಂಬಳದ ಕಾರಣದಿಂದ ಹೆಚ್ಚು ಪರಿಚಿತ. ಕಂಬಳಕ್ಕೆ ರಾಜ್ಯ ಮಾಡಿದ ತಿದ್ದುಪಡಿಯನ್ನು ಅದೇ ಕೋರ್ಟು 2023ರ ಮೇ 18ರಂದು ಎತ್ತಿಹಿಡಿಯಿತು.

ಇನ್ನು ದಂಡದ ವಿಷಯ. ಈ ಕಲಂನಡಿ ಮೊದಲ ಸಲ ತಪ್ಪು ಮಾಡಿದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಒಂದು ಹಕ್ಕಿಯ ನೋವಿಗೆ ಕಾನೂನು ಕಟ್ಟಿದ ಬೆಲೆ ಎರಡು ಲೋಟ ಕಾಫಿಗೂ ಸಾಲದು. ಆಮದು ನಿಷೇಧದಂಥ ಬಿಗಿಯಾದ ಆದೇಶದ ಪಕ್ಕದಲ್ಲಿ ಈ ದಂಡ ಇಟ್ಟು ನೋಡಿದರೆ, ನಮ್ಮ ಕಾನೂನು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ತಿಳಿಯುತ್ತದೆ.

ನಮ್ಮ ರಾಜ್ಯಕ್ಕೆ ಹತ್ತಿರದ ಪ್ರಶ್ನೆ: ಉಪವಾಸ ಕೆಡವುವುದು

ನಮ್ಮ ಕಡೆ ಬಾತುಕೋಳಿಗಳು ಕೊಯ್ಲಾದ ಗದ್ದೆಯಲ್ಲಿ ತಾವೇ ಕಾಳು, ಹುಳು ಹೆಕ್ಕಿ ತಿನ್ನುತ್ತವೆ. ಕೊಳವೆಯ ಪದ್ಧತಿ ನಮಗೆ ದೂರದ್ದು. ಆದರೆ ಅದರ ತಿರುಗಿಸಿದ ರೂಪವೊಂದು ಮೊಟ್ಟೆಕೋಳಿ ಉದ್ಯಮದಲ್ಲಿ ಇದೆ. ಕೋಳಿಯ ಮೊಟ್ಟೆ ಕಡಿಮೆಯಾಗುತ್ತಾ ಬಂದಾಗ ಹಲವು ದಿನ ಆಹಾರ ನಿಲ್ಲಿಸಿ ಉಪವಾಸ ಕೆಡವುತ್ತಾರೆ. ಆಗ ಅದರ ಪುಕ್ಕ ಉದುರಿ, ಮತ್ತೆ ಆಹಾರ ಕೊಟ್ಟಾಗ ಇನ್ನೊಂದು ಸುತ್ತು ಮೊಟ್ಟೆ ಇಡುತ್ತದೆ. ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿ ಇದು 1960ರ ಕಾಯ್ದೆಗೆ ವಿರುದ್ಧ, ನಿಲ್ಲಿಸಬೇಕು ಎಂದು ಸೂಚನೆ ಕೊಟ್ಟಿತು. ತಂತಿ ಪಂಜರಗಳದ್ದೂ ಇದೇ ಕಥೆ. ಅಲ್ಲಿ ಒಂದು ಕೋಳಿಗೆ ಸಿಗುವ ಜಾಗ ನಾವು ಅರ್ಜಿ ಬರೆಯುವ ಎ4 ಹಾಳೆಗಿಂತ ಚಿಕ್ಕದು. ಕೇಂದ್ರ ಕಾನೂನು ಆಯೋಗ 2017ರ ಜುಲೈಯಲ್ಲಿ ತನ್ನ 269ನೆಯ ವರದಿಯಲ್ಲಿ ಮೊಟ್ಟೆಕೋಳಿ, ಮಾಂಸದ ಕೋಳಿಗಳ ಸಾಕಣೆ ಮತ್ತು ಸಾಗಾಟವನ್ನು ಪರಿಶೀಲಿಸಿ ಕರಡು ನಿಯಮಗಳನ್ನೇ ಬರೆದುಕೊಟ್ಟಿತು.

“ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ, ನಮಗೇನು?” ಎಂದು ಕೆಲವರು ಕೇಳಬಹುದು. ದಾವಣಗೆರೆ, ಹಾವೇರಿ ಕಡೆ ಬೆಳೆಯುವ ಮೆಕ್ಕೆಜೋಳದ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ. ಜೋಳದ ವ್ಯಾಪಾರ ಮಾಡುವವರು, ಗೋದಾಮು ಬಾಡಿಗೆಗೆ ಕೊಟ್ಟವರು, ಲಾರಿ ಓಡಿಸುವವರು ನಮ್ಮಲ್ಲೂ ಇದ್ದಾರೆ. ನಾನು ಯಾರನ್ನೂ ದೂರುತ್ತಿಲ್ಲ. ಜಾಕೆಟ್ ಹಾಕಿದವನಿಗೆ ಬೇರೆಯವರನ್ನು ದೂರುವ ಬಾಯಿ ಎಲ್ಲಿಂದ ಬಂತು?

ಶಾಸ್ತ್ರದ ಬೆಳಕಿನಲ್ಲಿ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ಪಾಠಶಾಲೆಗೆ ಹೋದ ಮಕ್ಕಳಿಗೂ ಗೊತ್ತು: ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಇದನ್ನು 1960ರ ಕಾಯ್ದೆಯ 11ನೆಯ ಕಲಂನ ಪಕ್ಕದಲ್ಲಿ ಇಟ್ಟು ನೋಡಿ. ಪಂಜರ ಅಲ್ಲೂ ಇದೆ, ಇಲ್ಲೂ ಇದೆ. ಉಪವಾಸ ಕೆಡವುವುದು ಅಲ್ಲೂ ಇದೆ, ಇಲ್ಲೂ ಇದೆ. ಕೊಲ್ಲದೆಯೂ ವ್ರತ ಕೆಡುತ್ತದೆ ಎಂದು ಆಚಾರ್ಯರು ಎಷ್ಟೋ ಶತಮಾನಗಳ ಮೊದಲೇ ಎಚ್ಚರಿಸಿದ್ದರು.

ಬಲವಂತವಾಗಿ ತಿನ್ನಿಸುವುದು ಆ ಐದರಲ್ಲಿ ಹೆಸರಾಗಿ ಇಲ್ಲ. ಉಣಿಸುವುದನ್ನು ನಾವು ಯಾವಾಗಲೂ ಪುಣ್ಯ ಎಂದೇ ನೋಡಿದ್ದೇವೆ. ಆಹಾರದಾನ ನಾಲ್ಕು ದಾನಗಳಲ್ಲಿ ಒಂದು. ಆದರೆ ಹಿಂಸೆ ಇರುವುದು ಕೈಯ ಕೆಲಸದಲ್ಲಿ ಮಾತ್ರ ಅಲ್ಲ, ಅದರ ಹಿಂದಿನ ಪ್ರಮಾದದಲ್ಲಿ, ಕಷಾಯದಲ್ಲಿ. ಲೋಭದಿಂದ ತಿನ್ನಿಸಿದ ಅನ್ನ ದಾನವಲ್ಲ. ಅನ್ನ ತಡೆದು ಲಾಭ ಮಾಡುವುದೂ ಅನ್ನ ತುರುಕಿ ಲಾಭ ಮಾಡುವುದೂ ಒಂದೇ ತಕ್ಕಡಿಯ ಎರಡು ತಟ್ಟೆ.

ಹಿಟ್ಟಿನ ಕೋಳಿಯ ಕಥೆ ನಮಗೆಲ್ಲ ನೆನಪಿರಬೇಕು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ, ಜನ್ನ ಕವಿ ಕನ್ನಡದಲ್ಲಿ ಬರೆದ ಯಶೋಧರ ಚರಿತೆ ಅದು. ಆ ಹೊಯ್ಸಳರ ಮೂಲಸ್ಥಾನ ಸೊಸೆವೂರು ಎಂದರೆ ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ; ಅಲ್ಲಿನ ಹಳೆಯ ಬಸದಿಗಳು ಇವತ್ತಿಗೂ ನಿಂತಿವೆ. ಯಶೋಧರ ರಾಜ ಜೀವವಿರುವ ಕೋಳಿಯನ್ನು ಕೊಲ್ಲಲಿಲ್ಲ. ತಾಯಿಯ ಮಾತಿಗೆ ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಟ್ಟ. ಅಷ್ಟಕ್ಕೇ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳಿದರು, ಕೊನೆಗೆ ಕೋಳಿಗಳಾಗಿಯೂ ಹುಟ್ಟಿದರು. ಕೈ ಶುದ್ಧವಾಗಿದ್ದರೂ ಮನಸ್ಸಿನ ಒಪ್ಪಿಗೆ ಲೆಕ್ಕಕ್ಕೆ ಬರುತ್ತದೆ ಎಂಬುದು ಆ ಕಥೆಯಿಂದ ನಾನು ತಿಳಿದದ್ದು. ಕೃತ, ಕಾರಿತ, ಅನುಮೋದನ ಎಂದು ಮೂರು ಹೇಳುತ್ತೇವಲ್ಲ: ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ದುಡ್ಡು ಕೊಟ್ಟು ಕೊಳ್ಳುವವನು ಮೂರನೆಯದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ನಮ್ಮ ಮನೆಗಳಲ್ಲಿ ಗಮನಿಸಬಹುದಾದದ್ದು

1. ಜಾಕೆಟ್, ರಜಾಯಿ, ದಿಂಬು ಕೊಳ್ಳುವಾಗ ಚೀಟಿ ಓದಿ. ‘ಡೌನ್’ ಎಂದರೆ ಹಕ್ಕಿಯ ತುಪ್ಪುಳ, ‘ಫೆದರ್’ ಎಂದರೆ ಪುಕ್ಕ. ಮಾಂಸಕ್ಕೆ, ಲಿವರ್‌ಗೆ ಸಾಕಿದ ಬಾತುಕೋಳಿ ಹೆಬ್ಬಾತುಗಳಿಂದಲೇ ಇದು ಹೆಚ್ಚಾಗಿ ಬರುತ್ತದೆ. ಬಲವಂತದ ಆಹಾರವನ್ನೂ ಜೀವಂತ ಪುಕ್ಕ ಕೀಳುವುದನ್ನೂ ಒಪ್ಪದ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಎಂಬ ಗುರುತು 2014ರಿಂದ ಇದೆ. ಆದರೆ ಅದೂ ಕೊಂದ ಹಕ್ಕಿಯದೇ. ನಮಗೆ ಪಾಲಿಯೆಸ್ಟರ್ ಅಥವಾ ಹತ್ತಿ ತುಂಬಿದ್ದು ಸಾಕು.

2. ಮೂಡಿಗೆರೆ, ಕಳಸ ಭಾಗದಲ್ಲಿ ಹೋಂಸ್ಟೇ ನಡೆಸುವವರು ಹಾಸಿಗೆ ದಿಂಬುಗಳ ಸಗಟು ಖರೀದಿಗೆ ಮುಂಚೆ ಒಳಗೆ ಏನು ತುಂಬಿದೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

3. ಮಕ್ಕಳು ಬ್ಯಾಡ್ಮಿಂಟನ್ ಆಡುವ ಪುಕ್ಕದ ಶಟ್ಲ್‌ನಲ್ಲಿ 16 ಪುಕ್ಕ ಇರುತ್ತವೆ. ಹೆಬ್ಬಾತು ಅಥವಾ ಬಾತುಕೋಳಿಯವು. ಅವು ಕೊಳವೆಯ ಹಕ್ಕಿಯವೇ ಎಂದಲ್ಲ. ಆದರೂ ಮನೆಯಂಗಳದ ಆಟಕ್ಕೆ ನೈಲಾನ್ ಶಟ್ಲ್ ಸಾಕಾಗುತ್ತದೆ.

4. ಹೊರದೇಶದಲ್ಲಿರುವ ಮಕ್ಕಳಿಗೆ: ಅಲ್ಲಿ ನಮ್ಮ ಹಸಿರು ಚುಕ್ಕೆ ಇರುವುದಿಲ್ಲ. ಜರ್ಮನಿಯಲ್ಲಿ ‘ಶ್ಟೋಪ್ಫ್‌ಲೇಬರ್’, ಹಂಗೇರಿಯಲ್ಲಿ ‘ಲಿಬಮಾಯ್’, ಸ್ಪೇನಿನಲ್ಲಿ ಬರೀ ‘ಫ್ವಾ’ ಎಂಬ ಹೆಸರಿನಲ್ಲೂ ಇದು ಇರುತ್ತದೆ. ಸಾಸ್, ಹೂರಣಗಳಲ್ಲೂ ಸೇರಿಸುವುದುಂಟು. ಕೇಳಿ ತಿನ್ನಿ. ಊರಿಗೆ ಬರುವಾಗ ಯಾರಾದರೂ ಉಡುಗೊರೆ ಡಬ್ಬಿ ಕೊಟ್ಟರೆ ತರಬೇಡಿ. ಭಾರತಕ್ಕೆ ಅದು ನಿಷೇಧಿತ ಸರಕು.

5. ಬೈಕಿನ ಹ್ಯಾಂಡಲ್ಲಿಗೆ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುವುದನ್ನು ಸಂತೆಯ ದಿನ ನಾವೆಲ್ಲ ನೋಡುತ್ತೇವೆ. ನೋವಾಗುವಂತೆ ಸಾಗಿಸುವುದು 11ನೆಯ ಕಲಂನಡಿ ಅಪರಾಧ. ಆದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧಗಳ ಸಾಲಿನಲ್ಲಿ ಅದು ಇಲ್ಲ. ಜಗಳಕ್ಕಿಂತ ಒಂದು ಬುಟ್ಟಿ ಕೊಟ್ಟು ಒಳ್ಳೆಯ ಮಾತು ಹೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಇದು ನನ್ನ ಅನುಭವ.

6. ದೂರು ಕೊಡಲೇಬೇಕಾದಷ್ಟು ದೊಡ್ಡ ಕ್ರೌರ್ಯ ಕಂಡರೆ ತಡ ಮಾಡಬೇಡಿ. ಘಟನೆ ನಡೆದು ಮೂರು ತಿಂಗಳು ಕಳೆದರೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. ದಿನಾಂಕ, ಸಮಯ, ಜಾಗ ಬರೆದುಕೊಂಡು, ಫೋಟೋ ಸಹಿತ ಪೊಲೀಸ್ ಠಾಣೆಗೆ, ಪಶುಪಾಲನಾ ಇಲಾಖೆಗೆ, ಜಿಲ್ಲೆಯ ಪ್ರಾಣಿದಯಾ ಸಂಘಕ್ಕೆ ಲಿಖಿತವಾಗಿ ಕೊಡಿ. ಪ್ರತಿ ಜಿಲ್ಲೆಯಲ್ಲೂ ಇಂಥ ಸಂಘ ಇರಬೇಕು ಎಂದು 2001ರ ನಿಯಮ ಹೇಳುತ್ತದೆ.

ಕೊನೆಯ ಮಾತು

ಆ ಜಾಕೆಟ್ ಏನಾಯಿತು ಎಂದು ಕೇಳುವಿರಿ. ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ. ತೋಟದಲ್ಲಿ ಕೆಲಸ ಮಾಡುವವರಿಗೆ ಕೊಡೋಣ ಎಂದುಕೊಂಡೆ. ನನಗೆ ಬೇಡವಾದ ಪಾಪವನ್ನು ಇನ್ನೊಬ್ಬರ ಹೆಗಲಿಗೆ ಹಾಕಿ ದಾನ ಎನ್ನುವುದು ಸರಿಯೇ ಎಂದು ಅನುಮಾನವಾಯಿತು. ಬಸದಿಯಲ್ಲಿ ತಿಳಿದವರೊಬ್ಬರನ್ನು ಕೇಳಿದೆ. “ಹಿಂದಿನದಕ್ಕೆ ಪ್ರತಿಕ್ರಮಣ ಮಾಡಿ, ಮುಂದಿನದಕ್ಕೆ ಪ್ರತ್ಯಾಖ್ಯಾನ ತೆಗೆದುಕೊಳ್ಳಿ. ಬಟ್ಟೆಯ ವಿಚಾರ ಆಮೇಲೆ” ಎಂದರು. ಹಾಗೇ ಮಾಡಿದೆ. ಜಾಕೆಟ್ ಇನ್ನೂ ಬೀರುವಿನಲ್ಲಿದೆ. ಈ ಸಲದ ಕುಯ್ಲಿಗೆ ಹಳೆಯ ಶಾಲನ್ನು ಎರಡು ಸುತ್ತು ಸುತ್ತಿಕೊಂಡು ಕಣದಲ್ಲಿ ನಿಂತೆ. ಚಳಿ ಸ್ವಲ್ಪ ಹೆಚ್ಚೇ ಆಯಿತು.

ಮಗನಿಗೆ ಫೋನಿನಲ್ಲಿ ಹೇಳಿದಾಗ, “ನನಗೆ ಗೊತ್ತೇ ಇರಲಿಲ್ಲ ಅಪ್ಪ” ಅಂದ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆದದ್ದು ಒಂದು, ಗೊತ್ತಾದ ಮೇಲೆ ಆಗುವುದು ಇನ್ನೊಂದು. ಈ ಲೇಖನ ಓದಿದ ಮೇಲೆ ಒಂದು ಮನೆಯಲ್ಲಾದರೂ ಒಂದು ಚೀಟಿ ತಿರುಗಿಸಿ ಓದಿದರೆ ಬರೆದದ್ದು ಸಾರ್ಥಕ.

ಜೈ ಜಿನೇಂದ್ರ.